ಫೋಟೋದ ಕೆಳಗೆ ಏನಿತ್ತು

ಹಾಲಮ್ಮನವರು ಯಾವ ರೋಗಿಗೂ 'ನೋವಾಗಲ್ಲ' ಅಂತ ಹೇಳಿದವರಲ್ಲ. ಭದ್ರಾವತಿಯ ಒಂದು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಡ್ರೆಸ್ಸಿಂಗ್ ಮಾಡಿದ ಹೆಂಗಸು ಅವರು. ಡಾಕ್ಟರು 'ಇರುವೆ ಕಚ್ಚಿದ ಹಾಗೆ, ಅಷ್ಟೇ' ಅನ್ನುತ್ತಿದ್ದರು. ಮನೆಯವರು 'ಏನೂ ಆಗಿಲ್ಲ, ನಾಳೆ ಮನೆಗೆ ಹೋಗೋದೇ' ಅನ್ನುತ್ತಿದ್ದರು. ಹಾಲಮ್ಮ ಮಾತ್ರ ಟ್ರೇ ಹಿಡಿದು ಬಂದು ಮಂಚದ ಪಕ್ಕ ನಿಂತು, "ನೋವಾಗುತ್ತೆ. ಅರ್ಧ ಗಂಟೆ ಆಗುತ್ತೆ. ಆಮೇಲೆ ಕಮ್ಮಿ ಆಗುತ್ತೆ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಕಾರ್ಖಾನೆಯ ಊರು ನೋಡಿ, ಈ ಮೂರು ವಾಕ್ಯಗಳನ್ನು ತಮಿಳು, ತೆಲುಗು, ಉರ್ದುವಿನಲ್ಲೂ ಕಲಿತಿದ್ದರು. ಆ ಭಾಷೆಗಳಲ್ಲಿ ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಅಂಥವರ ಬಾಯಿಂದ ಒಂದು ಸುಳ್ಳು ಹೇಳಿಸಿದವನು ನಾನು. ನನ್ನ ಹೆಸರು ಷಡಕ್ಷರಪ್ಪ. ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇದ್ದೇನೆ. ಮೊದಲು ಭದ್ರಾವತಿಯ ವರದಿಗಾರನಾಗಿದ್ದೆ, ಈಗ ಹದಿನಾರು ವರ್ಷದಿಂದ ಡೆಸ್ಕಿನಲ್ಲಿ ಕೂತು ಏಳನೇ ಪುಟ ಮಾಡುತ್ತೇನೆ. ಏಳನೇ ಪುಟ ಅಂದರೆ ದೇಶ ವಿದೇಶ. ಹಾಲಮ್ಮನವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳುವುದು ನನಗೆ ಸುಲಭ, ಅಂಥದ್ದನ್ನು ನೂರಾರು ಬರೆದಿದ್ದೇನೆ. ಆದರೆ ನನ್ನ ಪಾಲನ್ನು ಬಿಟ್ಟು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾನು ಅವರನ್ನು ಮೊದಲು ನೋಡಿದ್ದು ವರದಿಗಾರನಾಗಿದ್ದಾಗ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋಗಿ 'ಏನಾದ್ರೂ ಕೇಸ್ ಇದೆಯಾ' ಎಂದು ಕೇಳುವುದು ನನ್ನ ಕೆಲಸ. ಹಾಲಮ್ಮ ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. "ಕೇಸ್ ಇಲ್ಲ ಇಲ್ಲಿ. ಮನುಷ್ಯರಿದಾರೆ. ಚಪ್ಪಲಿ ಆಚೆ ಬಿಡಿ." ಅವರ ಗಂಡ ಜಟ್ಟಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಆರು ವರ್ಷದ ಹಿಂದೆ ತೀರಿಕೊಂಡರು. ಮಗಳ ಮದುವೆಯಾಗಿದೆ. ಹಾಲಮ್ಮ ನ್ಯೂ ಟೌನ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ವಾರ್ಡಿಗೆ ಹೋಗುತ್ತಾರೆ. ಯಾರೂ ಕರೆದಿಲ್ಲ, ಯಾರೂ ಬೇಡ ಅಂದಿಲ್ಲ.

ಅವರ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಸುಟ್ಟ ಗಾಯದ ಮೇಲಿನ ಬಟ್ಟೆ ಮರುದಿನಕ್ಕೆ ಗಾಯಕ್ಕೇ ಅಂಟಿಕೊಂಡಿರುತ್ತದೆ. ಅವಸರದವರು ಅದನ್ನು ಒಂದೇ ಸಲಕ್ಕೆ ಕಿತ್ತುಬಿಡುತ್ತಾರೆ, ಹೊಸ ಚರ್ಮವೂ ಜೊತೆಗೆ ಬರುತ್ತದೆ. ಹಾಲಮ್ಮ ಕೀಳುವವರಲ್ಲ. ಉಪ್ಪುನೀರಿನ ಬಾಟಲಿ ಹಿಡಿದು, ಬಟ್ಟೆಯ ಮೇಲೆ ತೊಟ್ಟು ತೊಟ್ಟಾಗಿ ಬಿಟ್ಟು, ಅದು ನೆನೆದು ತಾನಾಗಿ ಬಿಡುವವರೆಗೆ ಕಾಯುತ್ತಾರೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ, ಎಷ್ಟಾದರೂ ಸರಿ. ಬಟ್ಟೆ ಬಿಟ್ಟುಕೊಂಡ ಮೇಲೆ, ಬೇಯಿಸಿ ತಣಿಸಿದ ಬಾಳೆಲೆಯನ್ನು ಗಾಯದ ಮೇಲೆ ಹಾಸುತ್ತಾರೆ. ಬಾಳೆಲೆ ಅಂಟುವುದಿಲ್ಲ, ತಂಪು. ನೀರು ಮಂಚದಿಂದ ನೆಲಕ್ಕೆ ಸೋರುತ್ತದಲ್ಲ, ಅದಕ್ಕೆ ಕೆಳಗೆ ಹಳೆಯ ಪೇಪರ್ ಹಾಸಿರುತ್ತಾರೆ. ನಮ್ಮ ಪತ್ರಿಕೆಯ ಉಪಯೋಗ ಅಷ್ಟಾದರೂ ಇದೆ ಎಂದು ನನ್ನನ್ನು ಛೇಡಿಸುತ್ತಿದ್ದರು.

ಇನ್ನೊಂದು ಉಪಯೋಗವೂ ಇತ್ತು. ಬಟ್ಟೆ ನೆನೆಯುವ ಆ ಅರ್ಧ ಗಂಟೆ ರೋಗಿಯ ಕಣ್ಣು ಎಲ್ಲಿಗೆ ಹೋಗಬೇಕು? ಗಾಯದ ಕಡೆ ಹೋದರೆ ಎದೆ ಒಡೆಯುತ್ತದೆ. ಅದಕ್ಕೆ ಹಾಲಮ್ಮ ಪ್ರತಿ ಮಂಚದ ಎದುರು ಗೋಡೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದೊಂದು ಚಿತ್ರ ಅಂಟಿಸುತ್ತಿದ್ದರು. ಪಿನ್ನು ಚುಚ್ಚಿದರೆ ಗೋಡೆ ಹಾಳಾಗುತ್ತದೆ ಎಂದು ಬೈಗುಳ ಬೀಳುತ್ತದೆಂದು ಡ್ರೆಸ್ಸಿಂಗಿನ ಟೇಪಿನಲ್ಲೇ ಅಂಟಿಸುವುದು. ತುಂಬಿದ ಜೋಗ, ಸಕ್ರೆಬೈಲಿನ ಮರಿಯಾನೆ, ಗದ್ದೆಯಲ್ಲಿ ಕೂತ ಕೊಕ್ಕರೆಗಳು. "ಅದನ್ನೇ ನೋಡ್ತಿರು. ಅದರಲ್ಲಿ ಎಷ್ಟು ಕೊಕ್ಕರೆ ಇದಾವೆ ಎಣಿಸು" ಎನ್ನುತ್ತಿದ್ದರು. ಒಬ್ಬ ರೋಗಿ ಮನೆಗೆ ಹೋದರೆ ಚಿತ್ರ ಬದಲಾಗುತ್ತಿತ್ತು.

ಈಗ ಆ ಫೋಟೋಕ್ಕೆ ಬರುತ್ತೇನೆ.

ಹೋದ ವರ್ಷದ ದೀಪಾವಳಿಯ ವಾರ. ದೂರದಲ್ಲೊಂದು ಯುದ್ಧ ನಡೆದಿತ್ತು. ಯಾವ ದೇಶ, ಯಾರ ಮೇಲೆ ಯಾರು ಅಂತ ನಾನು ಬರೆಯುವುದಿಲ್ಲ. ಬರೆದರೆ ನೀವು ಕೂಡಲೇ ಒಂದು ಪಕ್ಷ ಹಿಡಿದು ಕೂರುತ್ತೀರಿ, ಆಮೇಲೆ ನಾನು ಏನು ಹೇಳಿದರೂ ನಿಮ್ಮ ಕಿವಿಗೆ ಹೋಗುವುದಿಲ್ಲ. ಇಷ್ಟು ವರ್ಷ ಓದುಗರ ಪತ್ರ ಓದಿದವನು ನಾನು, ನನಗೆ ಹೇಳಬೇಡಿ. ಆ ಸಂಜೆ ಸುದ್ದಿ ಏಜೆನ್ಸಿಯಿಂದ ಒಂದು ಫೋಟೋ ಬಂತು. ರಾತ್ರಿಯ ಆಕಾಶ, ಮಧ್ಯದಲ್ಲಿ ಬಿಳಿಯ ಸ್ಫೋಟ, ಅದರಿಂದ ನೂರಾರು ಬಿಳಿ ಎಳೆಗಳು ಕೆಳಕ್ಕೆ ಇಳಿಯುತ್ತಿವೆ. ಬಿಳಿ ರಂಜಕದ ಶೆಲ್ ಅದು. ಗಾಳಿ ತಾಗಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುವ ವಸ್ತು. ಆದರೆ ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ಪುಟ ಕಟ್ಟುವ ಮುರಳಿ ಕೂಡ ಕೈ ನಿಲ್ಲಿಸಿ, "ಸಾರ್, ಏನ್ ಫೋಟೋ ಸಾರ್ ಇದು" ಅಂದ.

ಫೋಟೋ ನಾಲ್ಕು ಕಾಲಂ ಅಗಲ, ಒಳ್ಳೆಯ ಎತ್ತರ ಇತ್ತು. ಪುಟ ಮುಗಿಯಿತು ಅನ್ನುವಾಗ ಒಂದು ಚಿನ್ನದಂಗಡಿಯ ಹಬ್ಬದ ಜಾಹೀರಾತು ಬಂತು. ಜಾಗ ಬೇಕು. ಡೆಸ್ಕಿನ ಕೆಲಸ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು: ನಾವು ಯಾವಾಗಲೂ ಕೆಳಗಿನಿಂದ ಕತ್ತರಿಸುತ್ತೇವೆ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ ಇರುತ್ತದೆ, ಕೊನೆಯ ಪ್ಯಾರಾಗಳು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ನಮಗೆ ಕಲಿಸಿದ್ದಾರೆ. ಕಣ್ಣು ಮುಚ್ಚಿ ಕತ್ತರಿಸುವಷ್ಟು ರೂಢಿ. "ಕೆಳಗಿಂದ ಹೊಡಿ ಮುರಳಿ" ಅಂದೆ. ಸುದ್ದಿಯ ಕೊನೆಯ ಎರಡು ಪ್ಯಾರಾ ಹೋಯಿತು. ಫೋಟೋದ ಕೆಳಗಿನ ಮೂರನೇ ಒಂದು ಭಾಗ ಹೋಯಿತು.

ಆ ಕೆಳಗಿನ ಭಾಗದಲ್ಲಿ ಏನಿತ್ತು ಅಂತ ನಾನು ನೋಡಿದ್ದೆ. ನೋಡಲಿಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಒಂದು ಸಾಲು ಮನೆಗಳ ತಾರಸಿ ಇತ್ತು. ಬಟ್ಟೆ ಒಣಹಾಕಿದ ಹಗ್ಗ ಇತ್ತು. ಒಂದು ತಾರಸಿಯಲ್ಲಿ ತಲೆಯ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬಳು ಬಕೆಟ್ ಹಿಡಿದು ನಿಂತಿದ್ದಳು, ಅವಳ ಸೊಂಟವನ್ನು ಒಂದು ಮಗು ಅವುಚಿಕೊಂಡಿತ್ತು. ಎಲ್ಲ ಬೆರಳುಗುರಿನಷ್ಟು ಸಣ್ಣದು. ಮೇಲಿನ ಬೆಳಕು ಅಷ್ಟು ಚೆನ್ನಾಗಿದ್ದಾಗ ಇದು ಯಾಕೆ ಎಂದು ನನಗೆ ಅನ್ನಿಸಿತು. ಉಳಿದ ಆಕಾಶಕ್ಕೆ ನಾನು ಶೀರ್ಷಿಕೆ ಕೊಟ್ಟೆ: 'ಬಾನಲ್ಲಿ ಬೆಳಕಿನ ಮಲ್ಲಿಗೆ'. ಕೆಳಗೆ ಒಂದು ಸಾಲು, ಸೇನೆ ಹೊಗೆಯ ಮರೆಗಾಗಿ ಹಾರಿಸಿದ ಶೆಲ್ಲುಗಳು ಎಂದು. ಸೇನೆಯ ಹೇಳಿಕೆ ಸುದ್ದಿಯ ಮೇಲ್ಗಡೆ ಇತ್ತು, ಅದಕ್ಕೇ ಉಳಿಯಿತು.

ಮರುದಿನ ಆ ಫೋಟೋ ಊರಿನ ಅರ್ಧ ಜನರ ಸ್ಟೇಟಸ್ಸಿನಲ್ಲಿತ್ತು. ಆಲ್ಕೊಳ ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಹಾಲು ತಗೊಳ್ಳುವಾಗ ಅಂಗಡಿಯವನು, "ಮಲ್ಲಿಗೆ ಹೆಡ್ಡಿಂಗ್ ನಿಮ್ದೇ ಅಲ್ವಾ ಸಾರ್?" ಎಂದು ಕೇಳಿದ. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಹಾಲಮ್ಮ ಅದನ್ನು ಕತ್ತರಿಸಿ ಮೂರನೇ ಮಂಚದ ಎದುರು ಅಂಟಿಸಿದ್ದರು.

ಮೂರನೇ ಮಂಚದಲ್ಲಿ ಇದ್ದವಳು ಸಂಧ್ಯಾ, ಹೊಳೆಹೊನ್ನೂರಿನ ಹುಡುಗಿ, ಇಪ್ಪತ್ತಮೂರು ವರ್ಷ. ಭದ್ರಾವತಿಯ ಒಂದು ಸಿಹಿತಿಂಡಿ ಮಾಡುವ ಮನೆಯಲ್ಲಿ ಕೆಲಸಕ್ಕಿದ್ದಳು. ಹಬ್ಬದ ಆರ್ಡರಿನ ಗಡಿಬಿಡಿಯಲ್ಲಿ ಒಲೆಯ ಮೇಲಿನ ಎಣ್ಣೆಯ ಬಾಣಲೆ ವಾಲಿ ಅವಳ ಕುತ್ತಿಗೆ, ಎದೆ, ಬಲಗೈ, ಬಲಗೆನ್ನೆಯ ಮೇಲೆಲ್ಲ ಚೆಲ್ಲಿತ್ತು. ಹಾಲಮ್ಮ ಅವಳಿಗೆ ಮೊದಲ ದಿನವೇ ಹೇಳಿದ್ದರು, "ನಿನಗೆ ಅರ್ಧ ಗಂಟೆ ನೋವಾಗುತ್ತೆ ಮಾರಾಯ್ತಿ. ಸುಳ್ಳು ಹೇಳಲ್ಲ. ಆ ಮಲ್ಲಿಗೆ ಎಳೆ ಎಣಿಸು." ಸಂಧ್ಯಾ ಎಣಿಸಿದಳು. ಹದಿನಾಲ್ಕು ದಿನ, ದಿನಕ್ಕೊಂದು ಸಲ, ಆ ಬಿಳಿಯ ಎಳೆಗಳನ್ನು ಎಣಿಸಿ ಹಲ್ಲು ಕಚ್ಚಿಕೊಂಡಳು.

ಅಷ್ಟು ದಿನ ಒಂದೇ ಚಿತ್ರವನ್ನು ನೋಡಿದರೆ ಅದನ್ನು ಮಾಡಿದವನಿಗೂ ಕಾಣದ್ದು ಕಾಣುತ್ತದೆ. ಮುರಳಿ ಕತ್ತರಿಸುವಾಗ ಕೆಳಗಿನ ಅಂಚಿನಲ್ಲಿ ಬಟ್ಟೆಯ ಹಗ್ಗದ ಒಂದು ಸಣ್ಣ ಪಟ್ಟಿ ಉಳಿದುಬಿಟ್ಟಿತ್ತು. ಸಂಧ್ಯಾ ಕೇಳಿದಳು, "ಅಮ್ಮಾ, ಅಲ್ಲಿ ಕೆಳಗಡೆ ಹಗ್ಗದ ಮೇಲೆ ಬಟ್ಟೆ ಒಣಗ್ಹಾಕಿದಾರಲ್ವಾ? ಅದರ ಕೆಳಗೆ ಏನಿದೆ?"

ಹಾಲಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಗೊತ್ತಾಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವ ಅಭ್ಯಾಸ ಅವರಿಗಿಲ್ಲ. "ಪೇಪರಿನೋರು ನನಗೆ ಪರಿಚಯ. ಕೇಳ್ಕೊಂಡು ಬರ್ತೀನಿ" ಎಂದು ಹೇಳಿ, ಮರುದಿನ ಮಧ್ಯಾಹ್ನದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದರು. ಒಂದು ಪ್ರಶ್ನೆ ಕೇಳುವುದಕ್ಕಾಗಿ.

ನಾನು ಅಷ್ಟೊತ್ತಿಗೆ ಸಂಪಾದಕರ ಮೀಟಿಂಗಿಗೆ ಹೊರಟಿದ್ದೆ. ಹಾಲಮ್ಮ ನನ್ನ ಮೇಜಿನ ಮೇಲೆ ಕತ್ತರಿಸಿದ ಚಿತ್ರ ಬಿಡಿಸಿಟ್ಟರು. ಟೇಪಿನ ಗುರುತು ನಾಲ್ಕೂ ಮೂಲೆಯಲ್ಲಿತ್ತು.

"ಷಡಕ್ಷರಪ್ನೋರೇ, ಇದರ ಕೆಳಗೆ ಏನಿತ್ತು?"

"ಯಾಕಮ್ಮಾ?"

"ನಮ್ಮ ಹುಡುಗಿಯೊಬ್ಳು ಕೇಳಿದ್ಲು. ಜನ ಇದ್ರಾ ಅಲ್ಲಿ?"

ಪೂರ್ತಿ ಫೋಟೋ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಮುರಳಿಗೆ ಹೇಳಿದ್ದರೆ ಅರ್ಧ ನಿಮಿಷದಲ್ಲಿ ತೆಗೆದು ತೋರಿಸುತ್ತಿದ್ದ. ಆ ಹೆಂಗಸು, ಆ ಬಕೆಟ್ ನನಗೆ ಚೆನ್ನಾಗಿ ನೆನಪಿತ್ತು. ನನಗೆ ಯಾಕೋ ಸಿಟ್ಟು ಬಂತು. ಊರೆಲ್ಲ ಹೊಗಳಿದ ಶೀರ್ಷಿಕೆಯನ್ನು ಈಕೆ ಬಸ್ಸು ಹತ್ತಿಕೊಂಡು ಬಂದು ಪ್ರಶ್ನೆ ಕೇಳುತ್ತಿದ್ದಾರಲ್ಲ ಅಂತ. ಬೈಸಿಕೊಳ್ಳುವ ಭಯವೂ ಇತ್ತು. "ಏನೂ ಇರ್ಲಿಲ್ಲ ಹಾಲಮ್ಮ. ಬಯಲು. ಖಾಲಿ ಬಯಲು, ಒಂದು ತಂತಿ ಬೇಲಿ" ಅಂದೆ.

"ಜನ ಇರ್ಲಿಲ್ಲ ತಾನೇ?"

"ಇರ್ಲಿಲ್ಲ."

ಅವರ ಮುಖ ಹಗುರಾಯಿತು. ಆ ಮುಖವನ್ನು ನೋಡಿ ನಾನು ಒಳ್ಳೆಯದನ್ನೇ ಮಾಡಿದೆ, ಪಾಪ ಸುಟ್ಟುಕೊಂಡ ಹುಡುಗಿಗೆ ಯಾಕೆ ನೋವು ಕೊಡಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ಆ ಹುಡುಗಿಯ ಹೆಸರನ್ನೂ ನಾನು ಅವತ್ತು ಕೇಳಿರಲಿಲ್ಲ. ಹಾಲಮ್ಮ ಚಿತ್ರವನ್ನು ಜೋಪಾನವಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, "ನಿಮಗೆ ತೊಂದ್ರೆ ಕೊಟ್ಟೆ" ಎಂದು ಹೇಳಿ ಹೋದರು.

ವಾರ್ಡಿಗೆ ಹೋಗಿ ಸಂಧ್ಯಾಗೆ ಹೇಳಿದರು, "ಬಯಲಂತೆ ಕಣೇ. ಬಟ್ಟೆಯಲ್ಲ, ಬೇಲಿ. ಬರೆದೋರೇ ಹೇಳಿದ್ರು." ಸಂಧ್ಯಾ ನಂಬಿದಳು. ಹಾಲಮ್ಮ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಇಪ್ಪತ್ತೆರಡನೇ ದಿನ ಮನೆಗೆ ಹೋಗುವಾಗ ಚಿತ್ರ ತನಗೇ ಬೇಕು ಎಂದು ಕೇಳಿ ತೆಗೆದುಕೊಂಡು ಹೋದಳು. ಮನೆಯಲ್ಲಿ ಕನ್ನಡಿಯನ್ನು ಇಳಿಸಿ, ಆ ಮೊಳೆಗೆ ಅದನ್ನು ತೂಗುಹಾಕಿದ್ದಳಂತೆ. ಕೈಯ ಗಾಯ ಪೂರ್ತಿ ಮಾಗಿರಲಿಲ್ಲ, ವಾರಕ್ಕೊಮ್ಮೆ ಡ್ರೆಸ್ಸಿಂಗಿಗೆ ಭದ್ರಾವತಿಗೆ ಬಂದು ಹೋಗುತ್ತಿದ್ದಳು. ಹಾಲಮ್ಮನ ಕೈಯೇ ಬೇಕು ಎಂದು ಹಟ ಹಿಡಿಯುತ್ತಿದ್ದಳು.

ಹಾಲಮ್ಮನ ಮಗಳ ಮಗಳು ಸೌಂದರ್ಯ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಹಾಸ್ಟೆಲಿನಲ್ಲಿದ್ದು, ಭಾನುವಾರ ಅಜ್ಜಿಯ ಮನೆಗೆ ಬರುತ್ತಾಳೆ. ಡಿಸೆಂಬರಿನಲ್ಲಿ ಒಂದು ದಿನ ಅವರ ತರಗತಿಯಲ್ಲಿ ಯುದ್ಧದ ಫೋಟೋಗಳ ಬಗ್ಗೆ ಪಾಠ ಆಯಿತು. ಅದರಲ್ಲಿ ಇದೇ ಫೋಟೋ ಇತ್ತು, ಪೂರ್ತಿ. ಅಜ್ಜಿ ಕತ್ತರಿಸಿಟ್ಟಾಗ ನೋಡಿದ್ದ ಹುಡುಗಿಗೆ ಆಕಾಶದಿಂದಲೇ ಗುರುತು ಸಿಕ್ಕಿತು. ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿ, ಆ ಬಿಳಿ ಎಳೆಗಳು ಬೆಂಕಿ ಎಂದು ಹೇಳಿದಳು.

ಹಾಲಮ್ಮ ಎರಡನೇ ಸಲ ನಮ್ಮ ಕಚೇರಿಗೆ ಬಂದಾಗ ಅವರ ಕೈಯಲ್ಲಿ ಅದರ ಪ್ರಿಂಟ್ ಇತ್ತು. ನಾನು ದೂರದಿಂದಲೇ ನೋಡಿದೆ. ಅವರು ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು.

"ಬಕೆಟ್ ಹಿಡ್ಕೊಂಡಿದಾಳೆ ನೋಡಿ. ಒಂದು ಬಕೆಟ್ ನೀರಲ್ಲಿ ಎಲ್ಲಾ ಆರುತ್ತೆ ಅಂತ ಅಂದ್ಕೊಂಡಿದಾಳೆ" ಅಂದರು. ಪ್ರಿಂಟನ್ನು ನನ್ನ ಕಡೆ ತಿರುಗಿಸಿ, "ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು."

"ನಾನು ಸುಟ್ಟುಕೊಂಡ ಹುಡುಗಿ ಕಣ್ಣೆದುರಿಗೆ ಸುಡ್ತಾ ಇರೋರನ್ನ ಅಂಟಿಸ್ದೆ. ಮಲ್ಲಿಗೆ ಎಳೆ ಎಣಿಸು ಅಂತ ಹೇಳ್ದೆ." ಅವರ ಧ್ವನಿ ಏರಲಿಲ್ಲ. "ಅದು ಬಿಡಿ, ಅದು ಗೊತ್ತಿಲ್ದೆ ಮಾಡಿದ್ದು. ಆಮೇಲೆ ಅವಳು ಕೇಳಿದ್ಲಲ್ಲ. ಕೇಳಿದಾಗ ನಾನು ಬಯಲು ಅಂದೆ. ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೂ ಹಾಗೆ ಮಾಡಿರ್ಲಿಲ್ಲ ಷಡಕ್ಷರಪ್ನೋರೇ. ನಿಮ್ಮ ಮಾತು ತಗೊಂಡೋಗಿ ಅವಳಿಗೆ ಕೊಟ್ಟೆ."

ನಾನು ತಪ್ಪಾಯಿತು ಅಂದೆ. ಜಾಹೀರಾತು ಬಂತು, ಜಾಗ ಇರಲಿಲ್ಲ ಅಂತ ಏನೇನೋ ಒದರಿದೆ. ಅವರು ಕೇಳಿಸಿಕೊಂಡು, "ಭಾನುವಾರ ಹೊಳೆಹೊನ್ನೂರಿಗೆ ಹೋಗ್ತೀನಿ. ಅವಳಿಗೆ ಹೇಳ್ಬೇಕು. ನೀವೂ ಬನ್ನಿ. ನೀವು ಹೇಳಿದ್ದನ್ನ ನೀವೇ ತಿದ್ದಿ" ಅಂದರು. ಬರುತ್ತೇನೆ ಎಂದು ಮಾತು ಕೊಟ್ಟೆ.

ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಡ್ಯೂಟಿ ಬಂತು ಎಂದು ಮೆಸೇಜ್ ಕಳಿಸಿದೆ. ಯಾವ ಡ್ಯೂಟಿಯೂ ಇರಲಿಲ್ಲ. ಆಲ್ಕೊಳದ ಮನೆಯ ವರಾಂಡದಲ್ಲಿ ಕೂತು ಮೂರು ಪತ್ರಿಕೆ ಓದಿದೆ, ಒಂದಕ್ಷರವೂ ತಲೆಗೆ ಹೋಗಲಿಲ್ಲ. ನನ್ನ ಹೆಂಡತಿ ಜಯಶೀಲಾ ಎರಡು ಸಲ ಕಾಫಿ ತಂದಿಟ್ಟು, ಎರಡು ಸಲವೂ ತಣ್ಣಗಾದದ್ದನ್ನು ಒಳಗೆ ತೆಗೆದುಕೊಂಡು ಹೋದಳು. ಮೂರನೇ ಸಲ ಬಂದು ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಒಂದೇ ಮಾತು ಅಂದಳು, "ಒಂದು ಹುಡುಗಿ ಮುಖ ನೋಡೋಕೆ ಹೆದ್ರಿದ್ರಾ?" ಹೌದು, ಹೆದರಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮಂಗಳವಾರ ನ್ಯೂ ಟೌನ್‌ಗೆ ಹೋದೆ. ಹಾಲಮ್ಮ ಬಾಗಿಲ ಬಳಿ ಕೂತು ಬಾಳೆಲೆಯ ದಂಟು ಸೀಳುತ್ತಿದ್ದರು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಅವರಾಗಿಯೇ ಹೇಳಿದರು.

ಸಂಧ್ಯಾ ಪೂರ್ತಿ ಫೋಟೋವನ್ನು ಬಹಳ ಹೊತ್ತು ನೋಡಿದಳಂತೆ. ಮೊಳೆಗೆ ತೂಗುಹಾಕಿದ್ದನ್ನು ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟಳಂತೆ. ಅಳಲಿಲ್ಲ. ಎಣ್ಣೆ ಬಿದ್ದ ದಿನ ತನಗೆ ಮೂರು ಜನ ನೀರು ಸುರಿದರು, ಆಟೋದಲ್ಲಿ ಕೂರಿಸಿಕೊಂಡು ಬಂದರು, ಬೇಕು ಅಂತ ತನ್ನ ಮೇಲೆ ಯಾರೂ ಎಣ್ಣೆ ಸುರಿದಿರಲಿಲ್ಲ ಅಂದಳಂತೆ. ಆಮೇಲೆ ಕೇಳಿದಳಂತೆ, "ಅಮ್ಮಾ, ಅವರಿಗೆ ಬಟ್ಟೆ ನೆನೆಸಿ ಬಿಚ್ಚೋರು ಯಾರಾದ್ರೂ ಇದಾರಾ? ನಿಮ್ಮ ಹಂಗೆ?"

"ನಾನು ಗೊತ್ತಿಲ್ಲ ಅಂದೆ. ಅದು ನಿಜ ತಾನೇ" ಅಂದರು ಹಾಲಮ್ಮ. "ಬರೋವಾಗ ಬಾಗಿಲ ತನಕ ಬಂದ್ಲು. ಇನ್ಮೇಲೆ ಡ್ರೆಸ್ಸಿಂಗ್ ಶಿವಮೊಗ್ಗದಲ್ಲೇ ಮಾಡಿಸ್ಕೊತೀನಿ ಅಮ್ಮಾ ಅಂದ್ಲು. ಬೇಜಾರು ಮಾಡ್ಕೋಬೇಡಿ ಅಂತ್ಲೂ ಅಂದ್ಲು. ನೀವು ನೋವಾಗುತ್ತೆ ಅಂದಾಗ ನೋವಾಗ್ತಿತ್ತು, ಕಮ್ಮಿ ಆಗುತ್ತೆ ಅಂದಾಗ ಕಮ್ಮಿ ಆಗ್ತಿತ್ತು. ಇನ್ನು ನಂಗೆ ಹಾಗೆ ಆಗಲ್ಲ ಅಂದ್ಲು."

ಅವರ ಕೈ ಬಾಳೆಲೆಯ ಮೇಲೆ ನಿಂತುಬಿಟ್ಟಿತ್ತು. ಮೂರು ದಶಕ ಇನ್ನೊಬ್ಬರ ನೋವನ್ನು ಕಣ್ಣೀರಿಲ್ಲದೆ ನೋಡಿದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವರು, "ಅವಳು ಕೇಳಿದ್ದನ್ನ ನಿಮಗೆ ಒಪ್ಪಿಸ್ತಾ ಇದೀನಿ. ಅಲ್ಲಿ ಬಟ್ಟೆ ನೆನೆಸೋರು ಇದಾರಾ? ನೀವು ಪೇಪರಿನೋರು, ನಿಮಗೆ ಗೊತ್ತಿರ್ಬೇಕು" ಅಂದರು.

ಅವತ್ತು ಕಚೇರಿಗೆ ಹೋದವನೇ ಆ ದಿನದ ಏಜೆನ್ಸಿ ಸುದ್ದಿಯನ್ನು ಹುಡುಕಿ ತೆಗೆದೆ. ಉತ್ತರ ಅದರಲ್ಲೇ ಇತ್ತು. ನಾನು ಕತ್ತರಿಸಿದ ಕೊನೆಯ ಎರಡು ಪ್ಯಾರಾಗಳಲ್ಲಿತ್ತು. ಒಂದರಲ್ಲಿ, ಹೊಗೆಗಾಗಿ, ಬೆಳಕಿಗಾಗಿ ಇಂಥ ಶೆಲ್ಲನ್ನು ಬಳಸಲು ಅವಕಾಶ ಉಂಟು ಎಂದು ಸೇನೆಗಳು ವಾದಿಸುತ್ತವೆ, ಆದರೆ ಜನ ವಾಸಿಸುವ ಮನೆಗಳ ಮೇಲೆ ಅದನ್ನು ಸಿಡಿಸಿದ್ದು ಅಪರಾಧ ಎಂದು ಹಕ್ಕುಗಳ ಸಂಘಟನೆಯವರು ಹೇಳಿದ್ದು ಇತ್ತು. ಇನ್ನೊಂದು ಅಲ್ಲಿಯ ಆಸ್ಪತ್ರೆಯ ಒಬ್ಬ ಡಾಕ್ಟರ ಮಾತು. ಗಾಯದೊಳಗೆ ರಂಜಕದ ಚೂರು ಉಳಿದಿರುತ್ತದೆ, ಬಟ್ಟೆ ಬಿಚ್ಚಿ ಗಾಳಿ ತಾಗಿದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತದೆ, ಸದಾ ಒದ್ದೆಯಾಗಿ ಇಟ್ಟಿರಬೇಕು, ಅಷ್ಟು ನೀರು ನಮ್ಮಲ್ಲಿ ಇಲ್ಲ ಎಂದು ಅವರು ಹೇಳಿದ್ದರು.

ಇದನ್ನು ಹಾಲಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಬಿಚ್ಚಿದ್ರೆ ಹತ್ಕೊಳ್ಳುತ್ತಾ?" ಎಂದು ಕೇಳಿದರು. ಹೌದು ಅಂದೆ. "ನೆನೆಸೋಕೆ ನೀರಿಲ್ವಾ?" ಇಲ್ಲವಂತೆ ಅಂದೆ. "ಡ್ರೆಸ್ಸಿಂಗ್ ಮಾಡೋ ಆ ಹುಡುಗೀರು ಏನ್ ಮಾಡ್ತಾರೆ ಶಿವನೇ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಫೋನ್ ಇಟ್ಟರು.

ನಾನು ಸಂಪಾದಕರಾದ ಪ್ರಸನ್ನಕುಮಾರರ ಕೋಣೆಗೆ ಹೋಗಿ ತಿದ್ದುಪಡಿ ಹಾಕಬೇಕು ಎಂದೆ. ಅವರು ನಕ್ಕರು. "ಎರಡು ತಿಂಗಳ ಹಳೇ ಫೋಟೋಗೆ ತಿದ್ದುಪಡಿ ಯಾರು ಕೇಳ್ತಾರೆ ಮಾರಾಯ?"

"ಒಬ್ರು ಕೇಳಿದಾರೆ ಸಾರ್."

"ಬೆಳಿಗ್ಗೆ ಜನ ತಿಂಡಿ ತಿಂತಾ ಪೇಪರ್ ನೋಡ್ತಾರೆ. ಅದ್ರಲ್ಲಿ ಇದನ್ನ ಹಾಕೋದಾ?"

ಈ ತಿಂಡಿಯ ಮಾತನ್ನು ಹದಿನಾರು ವರ್ಷದಲ್ಲಿ ನಾನೇ ಎಷ್ಟು ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆವತ್ತು ನನ್ನ ತಲೆ ಕೆಟ್ಟಿತು. ಹಾಕದಿದ್ದರೆ ನಾಳೆಯಿಂದ ಏಳನೇ ಪುಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ, "ಆಯ್ತು, ಒಳಗಿನ ಪುಟದಲ್ಲಿ ಹಾಕ್ಕೊ" ಅಂದರು.

ಜನವರಿಯ ಎರಡನೇ ವಾರ ಪೂರ್ತಿ ಫೋಟೋ ಬಂತು, ನಾಲ್ಕು ಕಾಲಂ. ತಾರಸಿ, ಹಗ್ಗ, ಕಂಬಳಿ, ಬಕೆಟ್, ಮಗು, ಎಲ್ಲ. ಕೆಳಗೆ ನಾನು ಬರೆದೆ: ದೀಪಾವಳಿಯ ವಾರ ಈ ಚಿತ್ರದ ಕೆಳಗಿನ ಭಾಗವನ್ನು ಕತ್ತರಿಸಿ ಪ್ರಕಟಿಸಲಾಗಿತ್ತು, ಅಲ್ಲಿ ಜನರಿದ್ದರು, ಕತ್ತರಿಸಿದ್ದು ಮತ್ತು ಶೀರ್ಷಿಕೆ ಕೊಟ್ಟದ್ದು ಷಡಕ್ಷರಪ್ಪ ಎಂದು. ಡಾಕ್ಟರ ಮಾತನ್ನೂ ಹಾಕಿದೆ. ಈ ಸಲ ಯಾರೂ ಸ್ಟೇಟಸ್ಸಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಓದುಗರು ಫೋನ್ ಮಾಡಿ, ನೀವು ಯಾವ ದೇಶದ ಪರ ಎಂದು ಕೇಳಿದರು. ಹಾಲಂಗಡಿಯವನು ಏನೂ ಅನ್ನಲಿಲ್ಲ.

ಒಂದು ಪ್ರತಿಯನ್ನು ಹೊಳೆಹೊನ್ನೂರಿಗೆ ತೆಗೆದುಕೊಂಡು ಹೋದೆ. ಸಂಧ್ಯಾ ಮನೆಯಲ್ಲಿರಲಿಲ್ಲ, ಡ್ರೆಸ್ಸಿಂಗಿಗೆ ಶಿವಮೊಗ್ಗಕ್ಕೆ ಹೋಗಿದ್ದಳು. ಅವಳ ತಾಯಿ ಪೇಪರನ್ನು ತೆಗೆದುಕೊಂಡರು. ಮೊಳೆಯ ಮೇಲೆ ಏನೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಅದನ್ನು ನೋಡಿಕೊಂಡು ನಿಲ್ಲಲಾರದೆ ಹೊರಟುಬಂದೆ.

ಇನ್ನೊಂದು ಪ್ರತಿಯನ್ನು ಹಿಡಿದುಕೊಂಡು ವಾರ್ಡಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಹಾಲಮ್ಮ ಮೂರನೇ ಮಂಚದಲ್ಲಿದ್ದ ಒಬ್ಬ ಮುದುಕನ ಕಾಲಿಗೆ ನೀರು ಬಿಡುತ್ತಿದ್ದರು. ಮಂಚಗಳ ಎದುರಿನ ಗೋಡೆಗಳು ಖಾಲಿಯಾಗಿದ್ದವು. ಜೋಗವಿಲ್ಲ, ಆನೆಯಿಲ್ಲ, ಟೇಪಿನ ಗುರುತುಗಳು ಮಾತ್ರ ಇದ್ದವು. ಚಿತ್ರ ಯಾಕೆ ಅಂಟಿಸಿಲ್ಲ ಎಂದು ಕೇಳಿದೆ.

"ಅದರ ಕೆಳಗೆ ಏನಿತ್ತೋ ನನಗೇನ್ ಗೊತ್ತು" ಅಂದರು, ಕೈಯಲ್ಲಿನ ಬಾಟಲಿಯಿಂದ ಕಣ್ಣು ತೆಗೆಯದೆ.

ನಾನು ಪತ್ರಿಕೆಯನ್ನು ಬಿಡಿಸಿ ಹಿಡಿದೆ. ಅವರು ಒಂದು ಸಲ ತಿರುಗಿ ಆ ಪುಟವನ್ನು ಪೂರ್ತಿ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ನನ್ನ ಹೆಸರಿದ್ದ ಸಾಲನ್ನೂ ಓದಿದರು. ತಪ್ಪು ಮನ್ನಿಸಿದೆ ಅಂತಲೋ, ಒಳ್ಳೆಯದು ಮಾಡಿದಿರಿ ಅಂತಲೋ ಒಂದು ಮಾತು ಬರುತ್ತದೆ ಎಂದು ನಾನು ಕಾದೆ. ಅಷ್ಟರಲ್ಲಿ ಮುದುಕನ ಕಾಲಿನಿಂದ ನೀರು ಮಂಚದ ಅಂಚಿಗೆ ಹರಿದು ನೆಲಕ್ಕೆ ತೊಟ್ಟಿಕ್ಕತೊಡಗಿತು. ಕೆಳಗೆ ಹಾಸಿದ್ದ ಹಳೆಯ ಪೇಪರ್ ನೆನೆದು ಮುದ್ದೆಯಾಗಿತ್ತು.

"ಷಡಕ್ಷರಪ್ನೋರೇ, ಕೈಲಿರೋ ಪೇಪರ್ ಹಾಸಿ ಇಲ್ಲಿ. ನೀರು ಬೀಳ್ತಾ ಇದೆ."

ನಾನು ಮಂಡಿಯೂರಿದೆ. ಒದ್ದೆಯದನ್ನು ತೆಗೆದು, ನನ್ನ ಪತ್ರಿಕೆಯ ಹಾಳೆಗಳನ್ನು ಒಂದೊಂದಾಗಿ ಮಂಚದ ಕೆಳಗೆ ಹಾಸತೊಡಗಿದೆ. ಮುಖಪುಟ ಹಾಸಿದೆ, ಕ್ರೀಡೆ ಹಾಸಿದೆ. ನನ್ನ ಪುಟದ ಸರದಿ ಬಂದಾಗ, ಇದು ನನಗೆ ತಕ್ಕ ಶಾಸ್ತಿಯೇ ಎಂದುಕೊಂಡು ಅದನ್ನೂ ನೆಲಕ್ಕೆ ಚಾಚಿದೆ.

"ಅದು ಬೇಡ" ಅಂದರು ಹಾಲಮ್ಮ. "ಅದನ್ನ ಮಡಚಿ ಆ ಕಿಟಕಿ ಮೇಲಿಡಿ. ಆ ಹೆಂಗಸಿನ ಮೇಲೆ ಇನ್ನೇನೂ ಬೀಳೋದು ಬೇಡ."

ನಾನು ಅದನ್ನು ಮಡಚಿ ಕಿಟಕಿಯ ಮೇಲಿಟ್ಟೆ.